ಗಾಳಿ ಎಳೆಯುತ್ತಿಲ್ಲ

೪ ಮಾರ್ಚ್, ಸೋಮವಾರ

ನರ್ಸಮ್ಮನ ಬಿಳಿ ಕಾರು ಇವತ್ತು ಬಂತು. ಬಂತು ಅನ್ನುವುದು ಸುಳ್ಳು, ತಳ್ಳಿಸಿಕೊಂಡು ಬಂತು. ಎದುರಿನ ಅಂಗಡಿಯಲ್ಲಿ ಕಬ್ಬಿಣ ಕೊರೆಯುವ ಲೇತ್‌ನವನೂ ಬೇಕರಿಯ ಇಬ್ಬರೂ ಸೇರಿ ತಿರುವಿನಿಂದ ಗ್ಯಾರೇಜಿನವರೆಗೆ ನೂಕಿಕೊಂಡು ಬಂದರು. ಒಳಗೆ ಸ್ಟೀರಿಂಗ್ ಹಿಡಿದು ಕೂತಿದ್ದ ನರ್ಸಮ್ಮನ ಮುಖ ಮೆರವಣಿಗೆಯಲ್ಲಿ ಬಂದವರ ಹಾಗೆ ಗಂಭೀರವಾಗಿತ್ತು.

ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವುದು ಅವರ ಕೆಲಸ. ಗಾಯ ತೊಳೆಯುವುದು, ಇಂಜೆಕ್ಷನ್ ಕೊಡುವುದು, ಮಗ್ಗುಲು ಬದಲಿಸುವುದು. ದಿನಕ್ಕೆ ಒಂಬತ್ತು ಮನೆ. ಕಾರಿಗೆ ಇಪ್ಪತ್ತೆಂಟು ವರ್ಷ, ಅಷ್ಟೂ ವರ್ಷ ನನ್ನ ಕೈಯಲ್ಲೇ ಬೆಳೆದ ಗಾಡಿ.

"ಚೋಕ್ ಎಳ್ದಿದ್ರೆ ಓಡತ್ತೆ ಮೇಸ್ತ್ರಿ. ಬಿಸಿ ಆದ್ಮೇಲೆ ಚೋಕ್ ಒಳಗೆ ತಳ್ಳಿದ್ರೆ ಸಾಕು, ಒದ್ದಾಡಿ ಆಫ್ ಆಗತ್ತೆ. ನಿನ್ನೆ ಒಂದೇ ಸಿಗ್ನಲ್‌ನಲ್ಲಿ ನಾಲ್ಕು ಸಲ ನಿಂತ್ಹೋಯ್ತು. ಹಿಂದಿನೋರ ಬಾಯಿಂದ ಹೊಸ ಹೊಸ ಬೈಗುಳ ಕಲ್ತೆ."

"ಎರಡು ದಿನ ಕೊಡಿ ನರ್ಸಮ್ಮ" ಅಂದೆ.

ಈ ಕಾಯಿಲೆಗೆ ಮೊದಲು ನೋಡಬೇಕಾದ್ದು ಎಂಜಿನ್ ಕಳ್ಳದಾರಿಯಲ್ಲಿ ಗಾಳಿ ಎಳೆಯುತ್ತಿದೆಯೇ ಅಂತ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ದಾಟಿದ ಮೇಲೆ ಎಲ್ಲಾದರೂ ಬಿರುಕಿದ್ದರೆ ಬರೀ ಗಾಳಿ ಹೋಗಿ ಪೆಟ್ರೋಲ್ ಸಾಲದೆ ಸಾಯುತ್ತದೆ. ಚೋಕ್ ಎಳೆದರೆ ಪೆಟ್ರೋಲ್ ಹೆಚ್ಚಾಗಿ ಹೇಗೋ ಬದುಕಿಕೊಳ್ಳುತ್ತದೆ. ಬೇರೆ ಗ್ಯಾರೇಜಿನವರು ಅದೇನೋ ಸ್ಪ್ರೇ ಹೊಡೆದು ಹುಡುಕುತ್ತಾರೆ. ನನಗೆ ಆ ದರಿದ್ರ ಬಂದಿಲ್ಲ. ನನ್ನ ಹತ್ತಿರ ಮಾರುದ್ದದ ರಬ್ಬರ್ ಪೈಪಿದೆ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಎಂಜಿನ್ ಸುತ್ತ ಆಡಿಸುತ್ತಾ ಹೋದರೆ ಸೋರುವ ಜಾಗದಲ್ಲಿ ಹಾವಿನ ಹಾಗೆ ಬುಸ್ ಅನ್ನುತ್ತದೆ. ಈ ಪೈಪಿನಿಂದಲೇ ನನಗೆ ಕಿವಿ ಮೇಸ್ತ್ರಿ ಅಂತ ಹೆಸರು. ಇವತ್ತೂ ಮೂಲೆಮೂಲೆಗೆ ಹಿಡಿದು ಕೇಳಿದೆ. ಏನೂ ಇಲ್ಲ.

ಹಿಂದಿನ ಪುಟದಲ್ಲಿ ನೋಡಬೇಕಾದ್ದರ ಪಟ್ಟಿ ಮಾಡಿದ್ದೇನೆ. ಮೊದಲ ಸಾಲು, ಗಾಳಿ. ಮುಂದೆ "ಎಳೆಯುತ್ತಿಲ್ಲ, ಖಂಡಿತ" ಎಂದು ಬರೆದು ಗೀಟು ಹಾಕಿದೆ. ಇನ್ನು ಕಿಡಿಯೋ ಪೆಟ್ರೋಲೋ, ಎರಡರಲ್ಲೊಂದು.

೫ ಮಾರ್ಚ್, ಮಂಗಳವಾರ

ಮೊದಲು ಕಿಡಿಯ ಕಡೆಯದು. ಪ್ಲಗ್ ಬದಲಿಸಿದೆ, ಪಾಯಿಂಟ್ ಬದಲಿಸಿದೆ, ಕಂಡೆನ್ಸರ್ ಬದಲಿಸಿದೆ. ಸ್ಟಾರ್ಟ್ ಮಾಡಿದರೆ ಒಳ್ಳೆಯ ಮಗುವಿನ ಹಾಗೆ ಎದ್ದು ಕೂತಿತು. ಹತ್ತು ನಿಮಿಷ ಬಿಸಿಯಾಗಲಿ ಎಂದು ಬಿಟ್ಟು ಚೋಕ್ ತಳ್ಳಿದೆ. ಎರಡು ಸಲ ಕೊಸರಾಡಿ ಸತ್ತಿತು.

ಇದು ಗಾಡಿಗಳ ವಿಷಯಕ್ಕೆ ಇಟ್ಟ ಡೈರಿ, ಆದರೂ ಮನೆಯ ವಿಷಯ ಒಂದು ಬರೆದುಬಿಡುತ್ತೇನೆ. ನಮ್ಮವಳು ಹಾಡಿಕೊಳ್ಳುವುದನ್ನು ನಿಲ್ಲಿಸಿದ್ದಾಳೆ. ಹಾಡು ಅಂದರೆ ಹಾಡಲ್ಲ, ಬಾಯಿ ಮುಚ್ಚಿಕೊಂಡೇ ಗುಂಯ್ ಅನ್ನುವ ರಾಗ. ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ, ನನ್ನ ತಲೆ ಕೆಟ್ಟಿರುವಾಗ ಬೇಕೆಂದೇ ಇನ್ನೂ ಸ್ವಲ್ಪ ಜೋರಾಗಿ. ಮೂವತ್ತೊಂದು ವರ್ಷದಿಂದ "ಸಾಕು ಮಾಡೇ" ಎಂದು ಬೈಯುತ್ತಲೇ ಬಂದಿದ್ದೇನೆ, ಅವಳೂ ಕೇರ್ ಮಾಡದೆ ಗುಂಯ್‌ಗುಡುತ್ತಲೇ ಬಂದಿದ್ದಾಳೆ. ಚಳಿಗಾಲದಲ್ಲಿ ಒಂದು ದಿನ ಫೋನಿನಲ್ಲಿ ಯಾರದೋ ಮಾತು ಸರಿಯಾಗಿ ಕೇಳದೆ ಸಿಟ್ಟು ಬಂದು, "ಒಂದು ಗಳಿಗೆ ಬಾಯಿ ಮುಚ್ಚಿಕೊಂಡಿರ್ತೀಯಾ!" ಎಂದು ಕೂಗಿಬಿಟ್ಟೆ. ಆ ಸಲ ದನಿ ಕೆಟ್ಟದಾಗಿತ್ತು. ಅಲ್ಲಿಂದೀಚೆಗೆ ಅಡುಗೆಮನೆ ಮೌನ. ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ. ಕೇಳೋಣವೆಂದರೆ ನನ್ನ ಬಾಯಿಗೆ ಬೀಗ.

೭ ಮಾರ್ಚ್, ಗುರುವಾರ

ಹೇಳಿದ ಎರಡು ದಿನ ಮುಗಿಯಿತು. ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿ, ಪ್ರತಿ ತೂತಿಗೂ ಗಾಳಿ ಊದಿ ಜೋಡಿಸಿದೆ. ಅದೇ ಕಥೆ.

ಈ ಕಾರಿಗೆ ಒಂದಲ್ಲ ಹತ್ತು ರೋಗ. ಇಂಡಿಕೇಟರ್ ಹಾಕಿದರೆ ದೀಪ ಮಿನುಗುತ್ತದೆ, ಟಿಕ್ ಟಿಕ್ ಸದ್ದು ಮಾತ್ರ ಇಲ್ಲ. ಅದರ ಡಬ್ಬಿ ತೆಗೆದು ಹೊಸದು ಹಾಕಿದೆ. ಅದೂ ಮೂಕ. ಈಗ ಬರುವ ಸಾಮಾನೆಲ್ಲ ಇಷ್ಟೇ. ಹೋದ ತಿಂಗಳು ತಂದ ಗೋಡೆ ಗಡಿಯಾರವೂ ಹಾಗೆಯೇ, ಮುಳ್ಳು ಓಡುತ್ತದೆ, ಸದ್ದಿಲ್ಲ.

ನರ್ಸಮ್ಮ ಮಧ್ಯಾಹ್ನ ಬಂದು ಡಿಕ್ಕಿಯಲ್ಲಿದ್ದ ಔಷಧಿ ಚೀಲ ತೆಗೆದುಕೊಂಡರು. ಬಸ್ಸು ಹತ್ತಿ, ಇಳಿದು, ನಡೆದು ಒಂಬತ್ತು ಮನೆ. ಡಿಕ್ಕಿಯೊಳಗೆ ತಲೆ ಇಟ್ಟುಕೊಂಡೇ ಅದೂ ಇದೂ ಹೇಳಿದರು. ಎಲ್ಲರೂ ಈಗ ಮಾತನ್ನು ನುಂಗಿಕೊಂಡೇ ಆಡುತ್ತಾರೆ. ನಾನು ಹೂಂ ಹೂಂ ಅಂದೆ.

೯ ಮಾರ್ಚ್, ಶನಿವಾರ

ಪೆಟ್ರೋಲ್ ಪಂಪ್ ಬಿಚ್ಚಿದೆ. ಟ್ಯಾಂಕ್ ಇಳಿಸಿದೆ. ತುಕ್ಕು ಇತ್ತು! ಸಿಕ್ಕಿತು ಕಳ್ಳ ಎಂದು ಕುಣಿಯುವುದೊಂದು ಬಾಕಿ. ತೊಳೆದು, ಹೊಸ ಫಿಲ್ಟರ್ ಹಾಕಿ, ಹೊಸ ಪೆಟ್ರೋಲ್ ತುಂಬಿದೆ. ಲೇತ್‌ನವನನ್ನೂ ಕರೆದು ನಿಲ್ಲಿಸಿಕೊಂಡು ಸ್ಟಾರ್ಟ್ ಮಾಡಿದೆ. ಹನ್ನೊಂದು ನಿಮಿಷ. ಆಮೇಲೆ ಅವನ ಮುಂದೆಯೇ ನನ್ನ ಮರ್ಯಾದೆ ತೆಗೆಯಿತು.

"ಮೊದ್ಲು ಆ ರೇಡಿಯೋ ಸಣ್ಣ ಮಾಡೋ ಮಾರಾಯ" ಎಂದು ಕಿರುಚಿದ ಅವನು. "ನಿನ್ನ ವಾರ್ತೆ ಕೇಳಿ ಕೇಳಿ ಬೇಕರಿಯವ್ನೂ ಮಂತ್ರಿ ಆಗೋ ಹಾಗಿದಾನೆ."

ಅವನದೇನು ಹೆಚ್ಚುಗಾರಿಕೆ. ಮೂವತ್ತೈದು ವರ್ಷ ಕಬ್ಬಿಣ ಕೊರೆದು ಅವನ ಕಿವಿ ಹೋಗಿದೆ, ಅದಕ್ಕೇ ಆ ಕಿರುಚಾಟ. ಪಾಪ. ಆದರೆ ಒಂದು ಮಾತು ನಿಜ, ಇಡೀ ಬೀದಿಯಲ್ಲಿ ಸ್ಪಷ್ಟವಾಗಿ ಮಾತಾಡುವವನು ಅವನೊಬ್ಬನೇ.

೧೨ ಮಾರ್ಚ್, ಮಂಗಳವಾರ

ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸಿದೆ. ಆಗಲಿಲ್ಲ.

೧೩ ಮಾರ್ಚ್, ಬುಧವಾರ

ನರ್ಸಮ್ಮ ಬಂದಿದ್ದರು. ಸ್ಟೂಲಿನ ಮೇಲೆ ಕೂತು ಚಪ್ಪಲಿ ಕಳಚಿ ಕಾಲು ಒತ್ತಿಕೊಂಡರು. ಅವರು ನೋಡಿಕೊಳ್ಳುವವರಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಇದ್ದಾನೆ, ಸೊಂಟದ ಕೆಳಗೆ ಸ್ವಾಧೀನವಿಲ್ಲ. ಬಸ್ಸು ತಪ್ಪಿ ನಿನ್ನೆ ಇವರು ಹೋಗುವಷ್ಟರಲ್ಲಿ ಎರಡು ಗಂಟೆ ತಡ.

"ಒದ್ದೆಯಲ್ಲೇ ಮಲಗಿದ್ದ ಮೇಸ್ತ್ರಿ. ಬಾಗಿಲ ಕಡೆ ನೋಡ್ಕೊಂಡು. ಬೈದ್ರೂ ಚೆನ್ನಾಗಿತ್ತು. ಬಸ್ಸು ಸಿಗ್ಲಿಲ್ವಾ ಅಮ್ಮಾ ಅಂತ ನನ್ನೇ ಸಮಾಧಾನ ಮಾಡ್ದ."

ನನಗೆ ತಲೆ ಎತ್ತಲಾಗಲಿಲ್ಲ. ಬಾನೆಟ್ ಒಳಗೆ ಬಗ್ಗಿ ಏನೋ ಬಿಗಿಮಾಡುವವನ ಹಾಗೆ ನಟಿಸಿದೆ. ಬಿಗಿಮಾಡಲು ಏನೂ ಉಳಿದಿರಲಿಲ್ಲ. ತಿರುಗಿ ನೋಡಿದರೆ ಅವರು ಹೋಗಿಬಿಟ್ಟಿದ್ದಾರೆ, ಹೋಗಿ ಬರುತ್ತೇನೆ ಅಂತ ಕೂಡ ಹೇಳದೆ. ಇಪ್ಪತ್ತೆಂಟು ವರ್ಷದಲ್ಲಿ ಇದೇ ಮೊದಲು. ಸಿಟ್ಟಾಗಿದ್ದಾರೆ. ಆಗಲಿ, ನ್ಯಾಯವೇ.

೧೬ ಮಾರ್ಚ್, ಶನಿವಾರ

ಬರೆಯಲು ನಾಚಿಕೆಯಾಗುತ್ತಿದೆ. ಯಾರೂ ಓದುವುದಿಲ್ಲವಲ್ಲ ಎಂದು ಬರೆಯುತ್ತೇನೆ.

ವಾಲ್ವ್‌ಗಳ ಸಂದು ಸರಿಮಾಡಿ ಎಂಜಿನ್ ಸ್ಟಾರ್ಟ್ ಮಾಡಿದೆ. ಹೊರಗೆ ನಿಂತು ಕೈ ಒರೆಸಿಕೊಂಡು ಬಂದೆ. ಆಫ್ ಆಗಿದೆ ಅನ್ನಿಸಿತು. ಕಿಟಕಿಯಿಂದಲೇ ಕೈ ಹಾಕಿ ಮತ್ತೆ ಕೀ ತಿರುಗಿಸಿದೆ. ಓಡುತ್ತಿದ್ದ ಎಂಜಿನ್! ಓಡುತ್ತಿದ್ದ ಎಂಜಿನ್ನಿಗೆ ಸ್ಟಾರ್ಟರ್ ಕೊಟ್ಟೆ. ಗೇರಿನ ಹಲ್ಲಿಗೆ ಹಲ್ಲು ತಿಕ್ಕಿ ಅರಚಿದ್ದಕ್ಕೆ ಲೇತ್‌ನವನು ಮಿಷನ್ ಬಿಟ್ಟು ಓಡಿಬಂದ. ನನಗೆ ಆ ಅರಚುವಿಕೆ ಕೀ ಹಿಡಿದ ಬೆರಳಿಗೆ ಗೊತ್ತಾಯಿತು.

"ಏನೋ ಇದು, ನಿನ್ನೆ ಮೊನ್ನೆ ಕೆಲ್ಸಕ್ಕೆ ಸೇರಿದೋನ್ ಥರ?" ಅಂದ.

"ನಿನ್ನ ಲೇತ್ ಸದ್ದಲ್ಲಿ ದೇವರಿಗೂ ಕೇಳಿಸಲ್ಲ" ಎಂದು ರೇಗಿದೆ.

ಲೇತ್ ಓಡುತ್ತಿತ್ತು. ಮೂವತ್ತೈದು ವರ್ಷದಿಂದ ಓಡುತ್ತಲೇ ಇದೆ. ಈ ಹಿಂದೆ ನಾನು ಇಂಥ ತಪ್ಪು ಮಾಡಿರಲಿಲ್ಲ, ಅಷ್ಟೇ. ಎರಡು ವಾರದಿಂದ ತಲೆ ಕೆಟ್ಟು ಗೊಬ್ಬರವಾಗಿದೆ, ಅದಕ್ಕೇ ಹೀಗೆ.

೧೯ ಮಾರ್ಚ್, ಮಂಗಳವಾರ

ಪಟ್ಟಿ ಮುಗಿಯಿತು. ಹದಿನಾಲ್ಕು ಸಾಲು, ಹದಿನಾಲ್ಕಕ್ಕೂ ಗೀಟು. ಕಾರ್ಬೊರೇಟರ್ ಮೂರು ಸಲ ಬಿಚ್ಚಿದ್ದೇನೆ. ಪೈಪು ಹಿಡಿದು ಇವತ್ತು ಮತ್ತೊಮ್ಮೆ ಎಂಜಿನ್ ಸುತ್ತ ಕೇಳಿದೆ, ಮನಸ್ಸಿನ ಸಮಾಧಾನಕ್ಕೆ. ಶುದ್ಧ ಮೌನ. ಗಾಳಿಯ ವಿಷಯದಲ್ಲಿ ನನ್ನ ಕಿವಿ ಇವತ್ತಿನವರೆಗೆ ಸುಳ್ಳು ಹೇಳಿಲ್ಲ.

ಹಾಗಾದರೆ ಇನ್ನೇನು? ನನಗೆ ಗೊತ್ತಿಲ್ಲ. ಈ ಮಾತನ್ನು ಗ್ಯಾರೇಜಿನ ಬಗ್ಗೆ ನಾನು ಎಂದೂ ಬರೆದಿರಲಿಲ್ಲ. ಸಂಜೆಯವರೆಗೆ ಬಂಪರಿನ ಮೇಲೆ ಸುಮ್ಮನೆ ಕೂತಿದ್ದೆ. ಕೈ ಎರಡೂ ಖಾಲಿ. ಇಪ್ಪತ್ತೆಂಟು ವರ್ಷ ನೋಡಿಕೊಂಡ ಗಾಡಿಯನ್ನೇ ಹತ್ತು ನಿಮಿಷ ಓಡಿಸಲಾಗದವನು ಮೇಸ್ತ್ರಿ ಹೇಗಾಗುತ್ತಾನೆ? ನರ್ಸಮ್ಮನಿಗೆ ಫೋನ್ ಮಾಡಿ, ನಾಳೆ ಬಂದು ದೊಡ್ಡ ವರ್ಕ್‌ಶಾಪಿಗೆ ತೆಗೆದುಕೊಂಡು ಹೋಗಿ ಅಂದೆ. ಅಲ್ಲಿಯವರು ಇಂಥ ಗಾಡಿಯನ್ನು ಬಿಚ್ಚಿ ಕೂಡ ನೋಡುವುದಿಲ್ಲ, ಗುಜರಿಗೆ ಹಾಕಿ ಅನ್ನುತ್ತಾರೆ. ಅದು ಗೊತ್ತಿದ್ದೇ ಹೇಳಿದೆ. ಅವರು ಅತ್ತಲಿಂದ ಏನು ಹೇಳಿದರೋ, ಲೈನು ಸರಿಯಿರಲಿಲ್ಲ.

ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಸೋತಿದ್ದು ಒಂದೇ ಕಡೆ ಯಾಕೆ, ಇಲ್ಲೂ ಸೋತುಬಿಡೋಣ ಅನ್ನಿಸಿತು. "ಅವತ್ತು ಬೈದಿದ್ದು ನನ್ನ ತಪ್ಪು" ಅಂದೆ. ಅವಳು ಒಲೆಯ ಕಡೆ ತಿರುಗಿಕೊಂಡೇ ಏನೋ ಅಂದಳು. ಏನಂದೆ ಎಂದು ಕೇಳುವ ಧೈರ್ಯ ಬರಲಿಲ್ಲ. ಇಂಥ ಮಾತನ್ನು ಎರಡು ಸಲ ಹೇಳಿಸಿಕೊಳ್ಳಬಾರದು.

೨೦ ಮಾರ್ಚ್, ಬುಧವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನರ್ಸಮ್ಮ ಹನ್ನೆರಡಕ್ಕೆ ಬಂದರು. ನಾನು ಊಟಕ್ಕೆ ಹೋಗಿರಲಿಲ್ಲವಾದ್ದರಿಂದ ನಮ್ಮವಳು ಡಬ್ಬಿ ಹಿಡಿದುಕೊಂಡು ಬಂದಳು. ಅವಳು ಗ್ಯಾರೇಜಿಗೆ ಬರುವುದೇ ಅಪರೂಪ, ಸೀರೆಗೆ ಗ್ರೀಸ್ ಆಗುತ್ತದೆ ಎಂದು ಗೇಟಿನ ಹೊರಗೇ ನಿಂತು ಕರೆಯುವವಳು. ಇವತ್ತು ಒಳಗೆ ಬಂದಳು. ನನ್ನ ಮುಖ ನೋಡಿ ಬಂದಿರಬೇಕು.

ವರ್ಕ್‌ಶಾಪಿನವರಿಗೆ ಏನು ಹೇಳಬೇಕು ಎಂದು ನರ್ಸಮ್ಮನಿಗೆ ತೋರಿಸಲು ಬಾನೆಟ್ ಎತ್ತಿ ಎಂಜಿನ್ ಬಿಸಿಮಾಡಿದೆ. ಚೋಕನ್ನು ಅರ್ಧ ತಳ್ಳಿ, ಇನ್ನೇನು ಸಾಯುತ್ತದೆ ಅನ್ನುವ ಜಾಗದಲ್ಲಿ ಹಿಡಿದು ನಿಲ್ಲಿಸಿದೆ. ಇಬ್ಬರೂ ಮಡ್‌ಗಾರ್ಡ್ ಪಕ್ಕ ನಿಂತಿದ್ದರು. ನಮ್ಮವಳು ಎಂಜಿನ್ನಿಗೆ ಬೆರಳು ತೋರಿಸಿದಳು.

"ಏನ್ರೀ ಅದು, ಬುಸ್ ಅಂತಿದೆ?"

"ಎಂಜಿನ್ನು. ಅದು ಸದ್ದು ಮಾಡತ್ತೆ" ಅಂದೆ.

"ಎಂಜಿನ್ ಸದ್ದು ನಂಗೊತ್ತಿಲ್ವಾ? ಇದು ಬೇರೆ. ಟೈರಿಂದ ಗಾಳಿ ಹೋಗೋ ಥರ. ಕೇಳ್ತಿಲ್ವಾ ನಿಮಗೆ?"

ನರ್ಸಮ್ಮ ಬಗ್ಗಿದರು. "ಹೌದಲ್ಲ ಮೇಸ್ತ್ರಿ. ನಾನು ಬಾನೆಟ್ ಎತ್ತಿ ಹೀಗೆ ಹತ್ರ ನಿಂತೇ ಇರ್ಲಿಲ್ಲ."

ಇಬ್ಬರು ಹೆಂಗಸರು ಸೇರಿ ನನಗೆ ಕೆಲಸ ಕಲಿಸುತ್ತಿದ್ದಾರಲ್ಲ ಎಂದು ನಗು ಬಂತು. ಪೈಪು ತೆಗೆದುಕೊಂಡು ಕಿವಿಗಿಟ್ಟು ಅವಳು ತೋರಿಸಿದ ಕಡೆ ಹಿಡಿದೆ. ಏನೂ ಇಲ್ಲ. ಇಲ್ಲ ಎಂದು ತಲೆಯಾಡಿಸಿದೆ. ಅವಳು ಡಬ್ಬಿಯನ್ನು ನೆಲಕ್ಕಿಟ್ಟು ನನ್ನ ಕೈಯಿಂದ ಪೈಪು ಕಿತ್ತುಕೊಂಡಳು. ಸೆರಗಿನಲ್ಲಿ ತುದಿ ಒರೆಸಿ ತನ್ನ ಕಿವಿಗಿಟ್ಟುಕೊಂಡಳು. ಇಷ್ಟು ವರ್ಷ ಗೇಟಿನಾಚೆಯಿಂದ ನನ್ನನ್ನು ನೋಡಿದ್ದಾಳಲ್ಲ, ಥೇಟ್ ನನ್ನ ಹಾಗೆಯೇ ಕಣ್ಣು ಅರ್ಧ ಮುಚ್ಚಿ, ಇನ್ನೊಂದು ತುದಿಯನ್ನು ನಿಧಾನವಾಗಿ ಆಡಿಸುತ್ತಾ ಹೋಗಿ ಕಾರ್ಬೊರೇಟರಿನ ಹಿಂದೆ, ಕೆಳಗೆ, ಒಂದು ಕಡೆ ನಿಲ್ಲಿಸಿದಳು.

"ಇಲ್ಲಿ. ಅಬ್ಬಾ, ಕಿವಿ ತೂತಾಗತ್ತೆ."

ನಾನು ಅಲ್ಲಿಗೆ ಬೆರಳು ಹಾಕಿದೆ. ಬೆರಳುದ್ದದ ಒಂದು ಸಣ್ಣ ರಬ್ಬರ್ ಪೈಪು, ಕಣ್ಣಿಗೆ ಕಾಣದ ಕೆಳಮೈಯಲ್ಲಿ ಸೀಳಿತ್ತು. ಬಿಸಿಯಾದಾಗ ಬಾಯಿ ಬಿಡುವ ಸೀಳು. ನನ್ನ ಬೆರಳ ತುದಿಯನ್ನು ಮಗು ಚೀಪಿದ ಹಾಗೆ ಎಳೆದುಕೊಂಡಿತು. ಒದ್ದಾಡುತ್ತಿದ್ದ ಎಂಜಿನ್ ಆ ಕ್ಷಣವೇ ಸರಿಹೋಯಿತು. ಎಡಗೈಯಿಂದ ಸನ್ನೆ ಮಾಡಿದೆ, ನರ್ಸಮ್ಮ ಒಳಗೆ ಕೈ ಹಾಕಿ ಚೋಕ್ ಪೂರ್ತಿ ತಳ್ಳಿದರು. ನಿಲ್ಲಲಿಲ್ಲ. ಹದಿನಾರು ದಿನ ನಿಲ್ಲುತ್ತಲೇ ಇದ್ದ ಎಂಜಿನ್ ನಿಲ್ಲಲಿಲ್ಲ.

ಗಾಳಿ. ಮೊದಲ ದಿನ, ಮೊದಲ ಸಾಲು. ಖಂಡಿತ ಇಲ್ಲ ಎಂದು ಗೀಟು ಹಾಕಿದ್ದು.

"ಕೈ ಸುಡತ್ತೆ, ತೆಗೀರಿ" ಅಂದಳು. ಸುಡುತ್ತಿತ್ತು. ನಾನು ಬೆರಳು ತೆಗೆಯಲಿಲ್ಲ. ತೆಗೆದರೆ ತಲೆ ಎತ್ತಿ ಅವರಿಬ್ಬರ ಮುಖ ನೋಡಬೇಕಾಗುತ್ತಿತ್ತು.

ಪೈಪು ಬದಲಿಸಲು ಐದು ನಿಮಿಷ ಸಾಕಾಯಿತು. ಕೆಲಸ ಮುಗಿದ ಮೇಲೆ ನರ್ಸಮ್ಮ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿ ಅಂದರು. ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಭುಜ ತಟ್ಟಿದರು. "ಏನಾದ್ರೂ ಕೇಳಿಸ್ತಾ?" ಇಲ್ಲ ಅಂದೆ. ಎರಡೂ ಕಿವಿಯ ಹತ್ತಿರ ಬೆರಳಿಗೆ ಬೆರಳು ಉಜ್ಜಿದ್ದರಂತೆ.

ಆಮೇಲೆ ಎದುರಿಗೆ ಬಂದು, ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದರು. "ಹೋದ್ವಾರ ಹೋಗುವಾಗ, ದೊಡ್ಡ ವರ್ಕ್‌ಶಾಪಲ್ಲಿ ತೋರಿಸ್ಲಾ ಅಂತ ಎರಡು ಸಲ ಕೇಳ್ದೆ. ನೀವು ಬಗ್ಗಿದೋರು ಏಳ್ಲೇ ಇಲ್ಲ. ಸಿಟ್ಟು ಬಂತೇನೋ ಅಂತ ಸುಮ್ನೆ ಹೋದೆ." ನಮ್ಮವಳ ಕಡೆ ಕೈ ತೋರಿಸಿ, "ಈಗ ನೀವು ಪೈಪು ಹಾಕೋವಾಗ ಅಕ್ಕ ಹಾಡ್ಕೋತಿದ್ರಲ್ಲ, ಅದೂ ಕೇಳಿಸ್ಲಿಲ್ವಾ?"

"ಯಾವಾಗ?" ಅಂದೆ.

ನಮ್ಮವಳು ಹಳೆಯ ಟೈರುಗಳ ಮೇಲೆ ಕೂತಿದ್ದಳು. ಬಾಯಿ ಮುಚ್ಚಿತ್ತು. ಅವಳ ಹಾಡಿಗೆ ಬಾಯಿ ಬೇಕಿಲ್ಲ, ಅದು ನನಗೆ ಮೊದಲಿನಿಂದ ಗೊತ್ತು.

"ನೀನು ಹಾಡೋದು ನಿಲ್ಲಿಸಿದ್ದೆ ಅಲ್ವಾ? ಅವತ್ತು ಬೈದ ಮೇಲೆ."

"ನಾನ್ಯಾಕ್ ನಿಲ್ಲಿಸ್ಲಿ?" ಅಂದಳು. "ನೀವು ಬೈಯೋದು ನಿಲ್ಸಿದ್ರಿ. ವಯಸ್ಸಾಯ್ತು, ಪಾಪ, ಸಮಾಧಾನ ಬಂತು ಅಂದ್ಕೊಂಡು ಖುಷಿಯಾಗಿದ್ದೆ."

ಹೇಳಿದ ಮೇಲೆ ಅವಳಿಗೇ ಅರ್ಥವಾಯಿತು. ಸೆರಗನ್ನು ಬಾಯಿಗೊತ್ತಿಕೊಂಡಳು.

ಮುನಿಸಾಗಿದ್ದರೆ ಎಷ್ಟು ಚೆನ್ನಾಗಿತ್ತು. ಮುನಿಸನ್ನು ಹೇಗಾದರೂ ರಿಪೇರಿ ಮಾಡಬಹುದಿತ್ತು.

೨೧ ಮಾರ್ಚ್, ಗುರುವಾರ

ಬೆಳಿಗ್ಗೆ ಎಂಟಕ್ಕೆ ನರ್ಸಮ್ಮ ಗಾಡಿ ತೆಗೆದುಕೊಂಡು ಹೋದರು. ಎಂಜಿನ್ ಈಗ ಚೆನ್ನಾಗಿ ಓಡುತ್ತಿದೆ ಅಂದರು ಎಲ್ಲರೂ. ಅವರು ಹೊರಡುವ ಮೊದಲು ನಾನು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದೆ, ನಡುಕ ಸಮನಾಗಿತ್ತು. ಮೊದಲ ಮನೆ ಪೋಸ್ಟ್‌ಮ್ಯಾನ್‌ದು. ಸೋಮವಾರ ಕಿವಿ ಡಾಕ್ಟರ ಹತ್ತಿರ ಅವರೇ ಕರೆದುಕೊಂಡು ಹೋಗುತ್ತಾರಂತೆ, ಅದೇ ಕಾರಿನಲ್ಲಿ. ಎಲ್ಲವೂ ವಾಪಸು ಬರುವುದಿಲ್ಲ ಎಂದು ಈಗಲೇ ಹೇಳಿಬಿಟ್ಟಿದ್ದಾರೆ.

ಪಟ್ಟಿಯ ಮೊದಲ ಸಾಲನ್ನು ತಿದ್ದಿದೆ. ಎಳೆಯುತ್ತಿತ್ತು, ಖಂಡಿತ. ಒಂದು ಸ್ಪ್ರೇ ಡಬ್ಬಿ ತಂದು ಶೆಲ್ಫಿನ ಹಿಂದೆ ಇಟ್ಟಿದ್ದೇನೆ, ಲೇತ್‌ನವನ ಕಣ್ಣಿಗೆ ಬೀಳದ ಹಾಗೆ. ಗಡಿಯಾರದ ಬಗ್ಗೆ, ಇಂಡಿಕೇಟರ್ ಬಗ್ಗೆ ಈ ಡೈರಿಯಲ್ಲಿ ಬರೆದದ್ದನ್ನೆಲ್ಲ ಮತ್ತೆ ಓದಿದೆ. ಹೊಡೆದುಹಾಕೋಣ ಅನ್ನಿಸಿತು. ಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಹೋದೆ. ಅವಳು ಬೆನ್ನು ಮಾಡಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ಭುಜ ಸಣ್ಣಗೆ ತೂಗುತ್ತಿತ್ತು. ಹಾಡುತ್ತಿರಬೇಕು ಅನ್ನಿಸಿತು. ಅವಳಿಗೆ ಖುಷಿಯಾಗಲಿ ಎಂದು ಹಳೆಯ ದನಿಯಲ್ಲೇ ಬೈದೆ, "ಸಾಕು ಮಾಡೇ ನಿನ್ನ ರಾಗ!"

ಅವಳು ಕೈ ಒರೆಸಿಕೊಂಡು ತಿರುಗಿದಳು. ಹತ್ತಿರ ಬಂದು, ನನಗೆ ತುಟಿ ಕಾಣುವ ಹಾಗೆ ನಿಂತು ಹೇಳಿದಳು.

"ಹಾಡ್ತಿರ್ಲಿಲ್ಲ ರೀ. ನಿನ್ನೆಯಿಂದ ಬರ್ತಾನೇ ಇಲ್ಲ."

"ಹಾಡು" ಅಂದೆ. "ನನಗೋಸ್ಕರ ಅಲ್ಲ. ಸುಮ್ಮನೆ ಹಾಡು."

ಆಗಲಿ ಎಂದು ತಲೆಯಾಡಿಸಿ ಮತ್ತೆ ಪಾತ್ರೆಗಳ ಕಡೆ ತಿರುಗಿದಳು. ನಾನು ಊಟ ಮುಗಿಯುವವರೆಗೂ ಅವಳ ಬೆನ್ನನ್ನೇ ನೋಡುತ್ತಾ ಕೂತಿದ್ದೆ. ಹಾಡಿದಳೋ ಇಲ್ಲವೋ, ಬರೆಯೋಣವೆಂದರೆ ನನಗೆ ಗೊತ್ತಿಲ್ಲ.